ಹಳೇ ಜೀಪಿನ ಗೇರ್‌ಬಾಕ್ಸ್ ಸದ್ದು: ಬಾಕ್ಸ್ ಇಳಿಸುವ ಮುನ್ನ ಮಾಡಲೇಬೇಕಾದ ಪರೀಕ್ಷೆಗಳು

ಗೇರ್‌ಬಾಕ್ಸ್ ಸದ್ದು ಮಾಡ್ತಿದೆ ಎಂದು ಗ್ಯಾರೇಜಿಗೆ ಬರುವ ಹಳೇ ಜೀಪುಗಳಲ್ಲಿ ಎಷ್ಟೋ ಗಾಡಿಗಳ ಗೇರ್‌ಬಾಕ್ಸ್ ಇನ್ನೂ ಗಟ್ಟಿಮುಟ್ಟಾಗಿಯೇ ಇರುತ್ತದೆ. ಸದ್ದು ಹುಟ್ಟಿರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಹಿಂದಿನ ಹೌಸಿಂಗಿನಲ್ಲಿ (ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೂಡು), ಸವೆದ ಕ್ರಾಸಿನಲ್ಲಿ (ಚಕ್ರಗಳ ಕಡೆ ಬಲ ಒಯ್ಯುವ ಶಾಫ್ಟಿನ ಕೀಲು), ಕೆಲವೊಮ್ಮೆ ಬರೀ ಹ್ಯಾಂಡ್‌ಬ್ರೇಕ್ ಡ್ರಮ್ಮಿನಲ್ಲಿ. ಗೇರ್ ಲಿವರ್ ಕಾಲಬುಡದಲ್ಲೇ ಇರುವುದರಿಂದ ಎಲ್ಲ ಸದ್ದೂ ಅಲ್ಲಿಂದಲೇ ಬಂದ ಹಾಗೆ ಕೇಳುತ್ತದೆ. ಬಾಕ್ಸ್ ಇಳಿಸಿ, ಬಿಚ್ಚಿ, ಬೇರಿಂಗ್ ಬದಲಿಸಿ, ಮತ್ತೆ ಏರಿಸಿ ರಸ್ತೆಗೆ ಬಿಟ್ಟರೆ ಅದೇ ಗುಂಯ್ ಎಂಬ ಸದ್ದು. ದುಡ್ಡು ಹೋದದ್ದು ಹೋಯಿತು, ವರ್ಷಗಟ್ಟಲೆ ಒಂದಕ್ಕೊಂದು ಹೊಂದಿಕೊಂಡು ಓಡಿದ್ದ ಹಲ್ಲುಗಳನ್ನು ಸುಮ್ಮನೆ ಕದಲಿಸಿದ ಹಾಗೂ ಆಯಿತು.

ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಮೊದಲು ಹಿಡಿಯಿರಿ. ಎಲ್ಲಿಂದ ಎನ್ನುವುದು ಅದರ ಬೆನ್ನಿಗೇ ಗೊತ್ತಾಗುತ್ತದೆ. ಗಾಡಿಯಲ್ಲಿ ಯಾವ ಶಾಫ್ಟ್ ಯಾವ ಹೊತ್ತಿಗೆ ತಿರುಗುತ್ತದೆ, ಯಾವಾಗ ಭಾರ ಹೊರುತ್ತದೆ ಎಂದು ಗೊತ್ತಿದ್ದವರಿಗೆ ಒಂದು ಬೆಳಗ್ಗೆ ಸಾಕು, ಒಂದು ಸ್ಪ್ಯಾನರೂ ಹಿಡಿಯದೆ ಅರ್ಧ ಉತ್ತರ ಸಿಗುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ ವಿಲ್ಲೀಸ್ ಸಿಜೆ-3ಬಿ ಮಾದರಿಯ ಪೆಟ್ರೋಲ್ ಜೀಪಿನ ಬಗ್ಗೆ. ಮಹೀಂದ್ರದವರು ಲೈಸೆನ್ಸ್ ಪಡೆದು ದಶಕಗಳ ಕಾಲ ತಯಾರಿಸಿದ ಈ ಗಾಡಿಗೂ ಕೊಡಗಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಮೂಟೆ, ಮೆಣಸಿನ ಚೀಲ, ಗೊಬ್ಬರ, ಆಳುಕಾಳು ಎಲ್ಲವನ್ನೂ ಹೊತ್ತು ತೋಟದ ಕೆಸರಲ್ಲಿ ಓಡಾಡಿದ ಗಾಡಿಗಳಿವು. ಮಾಂದಲಪಟ್ಟಿಯ ದಾರಿಯಲ್ಲಿ ಇವತ್ತಿಗೂ ಜೀಪಿನದೇ ಕಾರುಬಾರು. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಬೇರೆಯಾಗುವ ಕಡೆ ಹೇಳುತ್ತೇನೆ.

ಒಳಗೆ ಏನಿದೆ

ಈ ಜೀಪಿನದು ಟಿ-90 ಎಂಬ ಮೂರು ಗೇರಿನ ಬಾಕ್ಸ್. ಎರಡು ಮತ್ತು ಮೂರಕ್ಕೆ ಸಿಂಕ್ರೊ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ರಿಂಗ್) ಇದೆ, ಒಂದಕ್ಕೂ ರಿವರ್ಸಿಗೂ ಇಲ್ಲ. ಇನ್‌ಪುಟ್ ಶಾಫ್ಟ್ ತಿರುಗಿದಾಗಲೆಲ್ಲ ಕೆಳಗಿನ ಕೌಂಟರ್ ಶಾಫ್ಟಿನ ಗೇರ್ ಗೊಂಚಲೂ ತಿರುಗುತ್ತದೆ. ಒಂದು ಮತ್ತು ಎರಡರಲ್ಲಿ ಎಂಜಿನ್ನಿನ ಬಲವೆಲ್ಲ ಈ ಗೊಂಚಲಿನ ಮೂಲಕವೇ ಹೋಗುತ್ತದೆ. ಮೂರನೆಯದು ನೇರ ಗೇರ್; ಅದರಲ್ಲಿ ಗೊಂಚಲು ತಿರುಗುತ್ತದೆ, ಆದರೆ ಭಾರ ಹೊರುವುದಿಲ್ಲ. ಇದೊಂದು ವಿಷಯ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವುದು ಡಾನಾ 18 ಟ್ರಾನ್ಸ್‌ಫರ್ ಕೇಸ್. ಇದರಲ್ಲಿ ಹಿಂದಿನ ಚಕ್ರಗಳ ಕಡೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೊರಡುವುದು ಮಧ್ಯದಿಂದಲ್ಲ, ಒಂದು ಪಕ್ಕದಿಂದ. ಹಾಗಾಗಿ ಹೈ ಇರಲಿ, ಲೋ ಇರಲಿ, ಟೂ ವೀಲ್ ಇರಲಿ, ಫೋರ್ ವೀಲ್ ಇರಲಿ, ಬಲವೆಲ್ಲ ನಡುವಿನ ಇಂಟರ್‌ಮೀಡಿಯೆಟ್ ಗೇರಿನ ಮೇಲೆ ಹಾದೇ ಹೋಗಬೇಕು. ಆ ಗೇರಿಗೂ ಅದರ ಶಾಫ್ಟಿಗೂ ಒಳಗಿನ ರೋಲರ್‌ಗಳಿಗೂ ಬಿಡುವೇ ಇಲ್ಲ. ಹಳೇ ಜೀಪಿನಲ್ಲಿ ಮೊದಲು ಸವೆಯುವ ಜಾಗಗಳಲ್ಲಿ ಇದೂ ಒಂದು. ಗಾಡಿ ಚೆನ್ನಾಗಿದ್ದಾಗಲೂ ಇಲ್ಲಿಂದ ತೆಳುವಾದ ಗುಂಯ್ ಸದ್ದು ಬರುತ್ತದೆ, ಅದು ಜೀಪಿನ ಹುಟ್ಟುಗುಣ. ಕಾರು ಓಡಿಸಿ ಅಭ್ಯಾಸವಾದವರು ಹೊಸದಾಗಿ ಜೀಪು ಕೊಂಡಾಗ ಈ ಸದ್ದಿಗೇ ಗಾಬರಿಯಾಗುತ್ತಾರೆ.

ಮೊದಲು ಎಣ್ಣೆ

ಯಾವ ಪರೀಕ್ಷೆಗೂ ಮುನ್ನ ಎಣ್ಣೆ ನೋಡಿ. ಗೇರ್‌ಬಾಕ್ಸಿಗೆ ಒಂದು ಲೀಟರಿಗಿಂತ ತುಸು ಹೆಚ್ಚು, ಟ್ರಾನ್ಸ್‌ಫರ್ ಕೇಸಿಗೆ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ. ಎರಡಕ್ಕೂ ಬೇರೆ ಬೇರೆ ಪ್ಲಗ್. ನಡುವಿನ ಸೀಲ್ ಸೋತ ಗಾಡಿಯಲ್ಲಿ ಒಂದರ ಎಣ್ಣೆ ಇನ್ನೊಂದಕ್ಕೆ ಜಾರಿ, ಒಂದು ತುಂಬಿ ತುಳುಕುತ್ತಿದ್ದರೆ ಇನ್ನೊಂದು ಒಣಗುತ್ತಿರುತ್ತದೆ. ಆದ್ದರಿಂದ ಒಂದನ್ನು ನೋಡಿ ಇನ್ನೊಂದೂ ಸರಿ ಇದೆ ಎಂದುಕೊಳ್ಳಬೇಡಿ, ಎರಡೂ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಅಂದ ಹಾಗೆ, ಎಣ್ಣೆ ಇಳಿಸುವ ಮುನ್ನ ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ಇಳಿಸಿ ಆದಮೇಲೆ ಅದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ.

ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿ ಇರುವಾಗಲೇ ಎಣ್ಣೆಯನ್ನು ಅಗಲವಾದ ಸ್ಟೀಲ್ ತಟ್ಟೆಗೆ ಇಳಿಸಿ, ಬಿಸಿಲಿಗೆ ಹಿಡಿದು ನೋಡಿ. ಒಂದು ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ತಟ್ಟೆಯೊಳಗೆ ನಿಧಾನವಾಗಿ ಆಡಿಸಿ. ಬೂದು ಬಣ್ಣದ ನುಣ್ಣನೆಯ ಕೆಸರಷ್ಟೇ ಅಂಟಿಕೊಂಡರೆ ಹೆದರಬೇಕಾಗಿಲ್ಲ, ವಯಸ್ಸಾದ ಬಾಕ್ಸಿನಲ್ಲಿ ಅದು ಇದ್ದೇ ಇರುತ್ತದೆ. ತೆಳ್ಳಗಿನ ಮಿನುಗುವ ಹಾಳೆಗಳು ಅಂಟಿದರೆ ಬೇರಿಂಗಿನ ಮೈ ಕಿತ್ತು ಬರುತ್ತಿದೆ ಎಂದರ್ಥ. ಮೂಲೆ ಚೂಪಾದ ಚೂರು ಸಿಕ್ಕರೆ ಅದು ಹಲ್ಲಿನ ತುಣುಕು. ಆಮೇಲೆ ಗಾಡಿ ಓಡಿಸಲೇಬೇಡಿ. ಅಯಸ್ಕಾಂತಕ್ಕೆ ಅಂಟದೆ ತಟ್ಟೆಯಲ್ಲೇ ಉಳಿದು ಬಂಗಾರದ ಹುಡಿಯ ಹಾಗೆ ಹೊಳೆಯುವುದು ಹಿತ್ತಾಳೆ ಜಾತಿಯದು, ಸಿಂಕ್ರೊ ರಿಂಗಿನಿಂದಲೋ ಥ್ರಸ್ಟ್ ವಾಷರಿನಿಂದಲೋ ಬಂದದ್ದು.

ಎಣ್ಣೆ ಬಿಳಿಚಿಕೊಂಡು ಕಲಕಿದ ಹಾಗಿದ್ದರೆ ನೀರು ಸೇರಿದೆ. ಕೊಡಗಿನಲ್ಲಿ ಇದು ಸಾಮಾನ್ಯ. ದೂರ ಓಡಿ ಬಿಸಿಯಾದ ಬಾಕ್ಸ್ ತೋಡು (ಹಳ್ಳ) ದಾಟುವಾಗ ತಣ್ಣೀರಿಗೆ ತಕ್ಷಣ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಸೋತ ಸೀಲಿನ ಅಂಚಿನಿಂದಲೋ ಬ್ರೀದರ್ ಎಂಬ ಗಾಳಿಕಿಂಡಿಯಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ಮಲಗಿದ ಗಾಡಿಗೂ ಇದೇ ಪಾಡು. ತೇವ ಒಳಗೆ ಹನಿಗಟ್ಟಿ, ಎಣ್ಣೆಗೆ ಮುಳುಗದ ಮೇಲಿನ ಬೇರಿಂಗುಗಳ ಮೈ ಮೇಲೆ ತುಕ್ಕಿನ ಚುಕ್ಕೆ ಕೂರುತ್ತದೆ. ಮಳೆಗಾಲ ಮುಗಿದ ಕೂಡಲೇ ಹೊಸದಾಗಿ ಗೊರಗೊರ ಶುರುವಾದರೆ ಮೊದಲು ಇದನ್ನೇ ಅನುಮಾನಿಸಿ.

ಯಾವ ಎಣ್ಣೆ ಹಾಕಬೇಕು ಎಂಬ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಬಾಕ್ಸಿಗೆ 90 ನಂಬರಿನ ಜಿಎಲ್-4 ಅಥವಾ ಅದಕ್ಕೂ ಸೌಮ್ಯವಾದ ಹಳೇ ಮಾದರಿಯ ಮಿನರಲ್ ಗೇರ್ ಆಯಿಲ್. ಜಿಎಲ್-5 ಎಣ್ಣೆಯಲ್ಲಿರುವ ಗಂಧಕ ಮತ್ತು ರಂಜಕದ ಅಂಶ ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್ ಎಂಬ ಗೇರ್ ಜೋಡಿಗೆ ಬೇಕಾದದ್ದು, ಆದರೆ ಸಿಂಕ್ರೊ ರಿಂಗಿನಂಥ ಹಿತ್ತಾಳೆ ಭಾಗಗಳನ್ನು ತಿನ್ನಬಲ್ಲದು. ಅಂಗಡಿಯಲ್ಲಿ ಬರೀ 90 ಆಯಿಲ್ ಎಂದು ಕೇಳಿ ತರಬೇಡಿ, ಡಬ್ಬಿಯ ಮೇಲಿನ ಅಕ್ಷರ ಓದಿ. ಅಂಬಾಸಿಡರ್, ಪದ್ಮಿನಿಯವರು ತಮ್ಮ ಗಾಡಿಯ ಪುಸ್ತಕ ಹೇಳಿದ್ದನ್ನೇ ಹಾಕಬೇಕು, ಜೀಪಿನ ಲೆಕ್ಕ ಅಲ್ಲಿಗೆ ನಡೆಯದು.

ಇನ್ನೊಂದು ಮಾತು, ಗಾಡಿ ಕೊಳ್ಳಲು ಹೊರಟವರಿಗೆ. ಸದ್ದು ಮುಚ್ಚಲು ತೀರಾ ದಪ್ಪನೆಯ 140 ಆಯಿಲ್ಲೋ ಗ್ರೀಸೋ ತುಂಬಿ ಮಾರುವವರಿದ್ದಾರೆ. ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಗೇರ್ ಬೀಳಲು ವಿಪರೀತ ಬಿಗಿ, ಆದರೆ ಬಾಕ್ಸ್ ಮಾತ್ರ ಅಸಾಧ್ಯ ಮೌನ ಎಂದರೆ ಪ್ಲಗ್ ಬಿಚ್ಚಿ ನೋಡದೆ ಮುಂಗಡ ಕೊಡಬೇಡಿ.

ನಿಂತ ಗಾಡಿಯಲ್ಲಿ ಮಾಡುವ ಪರೀಕ್ಷೆ

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಜ್ಯಾಕಿನ ಮೇಲೆ ಎದ್ದರೆ ಡಿಫರೆನ್ಷಿಯಲ್ ತಿರುಗಿ ಗಾಡಿ ಉರುಳಬಹುದು, ಹ್ಯಾಂಡ್‌ಬ್ರೇಕ್ ಎಷ್ಟು ಬಿಗಿ ಇದ್ದರೂ ಸರಿ. ಕೊಡಗಿನಲ್ಲಿ ಸಮತಟ್ಟಾದ ಅಂಗಳ ಸಿಗುವುದೇ ಅಪರೂಪ. ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಅಲ್ಲೇ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಡಿ, ಕೆಳಗೆ ಹೋಗುವುದಾದರೆ ಸರಿಯಾದ ಸ್ಟ್ಯಾಂಡ್ ಇಡಿ. ಕಲ್ಲು, ಇಟ್ಟಿಗೆ ಬೇಡ. ತಿರುಗುವ ಶಾಫ್ಟಿನ ಹತ್ತಿರ ಲುಂಗಿ, ಶಾಲು ಬೇಡವೇ ಬೇಡ.

ಎಂಜಿನ್ ಬಿಸಿಯಾಗಲಿ. ಗೇರ್ ನ್ಯೂಟ್ರಲ್, ಕ್ಲಚ್ಚಿನಿಂದ ಕಾಲು ತೆಗೆಯಿರಿ, ಕೇಳಿ. ಈಗ ತಿರುಗುತ್ತಿರುವುದು ಇನ್‌ಪುಟ್ ಶಾಫ್ಟ್, ಅದರ ಬೇರಿಂಗ್, ಕೆಳಗಿನ ಗೊಂಚಲು ಮತ್ತು ಅದಕ್ಕೆ ಸದಾ ಕಚ್ಚಿಕೊಂಡಿರುವ ಗೇರುಗಳು. ಕ್ಲಚ್ ಪೂರ್ತಿ ಒತ್ತಿ ಎರಡು ಮೂರು ಸೆಕೆಂಡ್ ಕಾಯಿರಿ. ಅವೆಲ್ಲ ನಿಲ್ಲುತ್ತವೆ. ಸದ್ದೂ ನಿಂತರೆ ಕಳ್ಳ ಆ ಗುಂಪಿನಲ್ಲೇ ಇದ್ದಾನೆ.

ಪೆಡಲಿಗೆ ಕಾಲು ತಾಗಿಸಿ, ಸ್ವಲ್ಪ ಒತ್ತುವಷ್ಟರಲ್ಲೇ ಕಿರ್ ಎಂದು ಹೊಸ ಸದ್ದು ಹುಟ್ಟಿದರೆ ಅದು ಕ್ಲಚ್ಚನ್ನು ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ಒತ್ತಿ ಹಿಡಿದಾಗಷ್ಟೇ ಕಿರುಚಿದರೆ ಫ್ಲೈವೀಲಿನ ನಡುವಿನ ಪೈಲಟ್ ಬುಶ್. ಏಕೆಂದರೆ ಇನ್‌ಪುಟ್ ಶಾಫ್ಟ್ ನಿಂತು ಫ್ಲೈವೀಲ್ ಮಾತ್ರ ತಿರುಗುವಾಗಲೇ ಆ ಬುಶ್ ಉಜ್ಜುವುದು. ಎರಡಕ್ಕೂ ಬಾಕ್ಸ್ ಹಿಂದಕ್ಕೆ ಎಳೆಯಬೇಕು ನಿಜ, ಆದರೆ ಬಿಚ್ಚಬೇಕಾಗಿಲ್ಲ.

ನ್ಯೂಟ್ರಲ್ಲಿನಲ್ಲಿ ಕಟಕಟ ಎನ್ನುತ್ತಿದ್ದರೆ ಐಡ್ಲಿಂಗ್ ಸ್ವಲ್ಪ ಏರಿಸಿ. ಸದ್ದು ಮಾಯವಾದರೆ ಎಂಜಿನ್ ಮಿಸ್ ಹೊಡೆಯುತ್ತಿರುವುದರಿಂದ ಗೇರುಗಳ ನಡುವಿನ ಸಡಿಲ ಬಡಿದುಕೊಳ್ಳುತ್ತಿದೆ ಅಷ್ಟೆ. ಪ್ಲಗ್, ಪಾಯಿಂಟ್, ಕಾರ್ಬ್ಯುರೇಟರ್ ನೋಡಿ.

ಇನ್ನು ಜೀಪಿಗಷ್ಟೇ ಸಾಧ್ಯವಾದ ಪರೀಕ್ಷೆ, ನನಗೆ ಬಹಳ ಇಷ್ಟವಾದದ್ದು. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್ಲಿಗೆ ತಂದು, ಮುಖ್ಯ ಬಾಕ್ಸನ್ನು ಒಂದು, ಎರಡು, ಮೂರು ಹೀಗೆ ಒಂದೊಂದೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಗಾಡಿ ಕದಲುವುದಿಲ್ಲ, ಬಾಕ್ಸ್ ಮಾತ್ರ ಓಡುತ್ತದೆ, ಅದರ ಹಿಂದಿನ ಇಂಟರ್‌ಮೀಡಿಯೆಟ್ ಗೇರೂ ತಿರುಗುತ್ತದೆ. ಎಂಜಿನ್ ವೇಗ ಒಂದೇ ಸಮ ಇಟ್ಟು ಕೇಳಿ. ಒಂದು, ಎರಡರಲ್ಲಿ ಬಂದು ಮೂರರಲ್ಲಿ ಅಡಗಿದರೆ ಗೊಂಚಲಿನ ಹಲ್ಲು ಅಥವಾ ಅದರ ರೋಲರ್‌ಗಳು. ನ್ಯೂಟ್ರಲ್ಲಿನಲ್ಲಿ ಇರದೆ, ಗೇರ್ ಹಾಕಿದೊಡನೆ ಬಂದು, ಗೇರ್ ಏರಿದಷ್ಟೂ ಸ್ವರ ಏರಿದರೆ ಮೇನ್ ಶಾಫ್ಟಿನ ಹಿಂದಿನ ಬೇರಿಂಗ್ ಅಥವಾ ಇಂಟರ್‌ಮೀಡಿಯೆಟ್ ಗೇರ್. ಇಲ್ಲಿ ಭಾರ ಇಲ್ಲದ್ದರಿಂದ ಸಣ್ಣಪುಟ್ಟ ದೋಷ ಬಚ್ಚಿಟ್ಟುಕೊಳ್ಳಬಹುದು, ಅದಕ್ಕೆ ರಸ್ತೆಯೇ ಬೇಕು.

ಈ ಹೊತ್ತಿನಲ್ಲೇ ಜೊತೆಗಿದ್ದವರು ಮರದ ಹಿಡಿಯ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ ಕೇಳಲಿ. ಬೆಲ್ ಹೌಸಿಂಗಿನ ಹಿಂಭಾಗ, ಬಾಕ್ಸಿನ ಪಕ್ಕದಲ್ಲಿ ಕೌಂಟರ್ ಶಾಫ್ಟಿನ ಎತ್ತರಕ್ಕೆ, ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಕೂಡುವ ಜಾಗ, ಆಮೇಲೆ ಇಂಟರ್‌ಮೀಡಿಯೆಟ್ ಶಾಫ್ಟಿನ ತುದಿ. ಸದ್ದು ಎಲ್ಲ ಕಡೆಯೂ ಕೇಳುತ್ತದೆ, ಎಲ್ಲಿ ಒರಟಾಗಿ ಕುಟ್ಟುತ್ತದೆ ಎಂಬುದು ಮುಖ್ಯ. ಚೆನ್ನಾಗಿರುವ ಬೇರಿಂಗ್ ಒಂದೇ ಸಮ ಹರಿಯುತ್ತದೆ, ಕೆಟ್ಟದ್ದು ನಡುನಡುವೆ ಮುಗ್ಗರಿಸುತ್ತದೆ.

ರಸ್ತೆಯ ಮೇಲೆ

ಮಳೆ ಇಲ್ಲದ ದಿನ ನೋಡಿ. ಮೇಲ್ಛಾವಣಿಯ ಹುಡ್ ಬಿಚ್ಚಿ, ಹಿಂದಿನ ಜ್ಯಾಕ್, ಚೈನು, ಸ್ಪ್ಯಾನರ್ ಪೆಟ್ಟಿಗೆ ಎಲ್ಲ ಇಳಿಸಿ. ಒಂದು ಕಡೆ ಎತ್ತರದ ಬರೆ (ಮಣ್ಣಿನ ಗೋಡೆ) ಇರುವ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಆ ಪಕ್ಕದ ಸದ್ದು ಬರೆಗೆ ಬಡಿದು ವಾಪಸ್ ಬರುತ್ತದೆ, ಎಡವೋ ಬಲವೋ ತಿಳಿಯಲು ಇದು ಒಳ್ಳೆಯ ಉಪಾಯ.

ಮೊದಲು ಸಮತಟ್ಟು. ಕುಶಾಲನಗರದ ಕಡೆ ಬೆಳಗ್ಗೆ ಬೇಗ, ವಾಹನ ಇಲ್ಲದ ನೇರ ರಸ್ತೆ ನೋಡಿಕೊಳ್ಳಿ. ಟ್ರಾನ್ಸ್‌ಫರ್ ಲಿವರ್ ಸಲೀಸಾಗಿ ನ್ಯೂಟ್ರಲ್ಲಿಗೆ ಬರುತ್ತದೆಯೇ ಎಂದು ನಿಂತಾಗಲೇ ಖಾತ್ರಿ ಮಾಡಿಕೊಳ್ಳಿ. 40ರ ವೇಗಕ್ಕೆ ತಂದು ಕ್ಲಚ್ ಒತ್ತಿ ಅದನ್ನು ನ್ಯೂಟ್ರಲ್ಲಿಗೆ ಎಳೆಯಿರಿ, ಗಾಡಿ ತಾನಾಗಿ ಓಡಲಿ. ಈಗ ಬಾಕ್ಸಿಗೂ ಚಕ್ರಕ್ಕೂ ಸಂಬಂಧ ಕಡಿದಿದೆ. ಸದ್ದು ಹಾಗೇ ಉಳಿದರೆ ಗೇರ್‌ಬಾಕ್ಸನ್ನು ಆರೋಪಿ ಪಟ್ಟಿಯಿಂದ ತೆಗೆದುಹಾಕಿ. ಉಳಿದದ್ದು ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್, ಹೌಸಿಂಗ್, ಚಕ್ರದ ಬೇರಿಂಗ್, ಟೈರು. ಮತ್ತೆ ಹಾಕುವುದು ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ. ಸಂಪಾಜೆ, ಮಾಕುಟ್ಟದಂಥ ಘಾಟಿಯಲ್ಲಿ ಈ ಪ್ರಯೋಗ ಮಾಡಲೇಬಾರದು, ಎಂಜಿನ್ ಬ್ರೇಕ್ ಇಲ್ಲದೆ ಜೀಪು ಕೈಗೆ ಸಿಗುವುದಿಲ್ಲ.

ಕಾರಿನವರಿಗೆ ಟ್ರಾನ್ಸ್‌ಫರ್ ಕೇಸ್ ಇಲ್ಲ. ಅದೇ ಸಮತಟ್ಟಿನಲ್ಲಿ ಮುಖ್ಯ ಗೇರನ್ನೇ ನ್ಯೂಟ್ರಲ್ ಮಾಡಿ ಕೇಳಿದರಾಯಿತು. ನಾಲ್ಕು ಗೇರಿನ ಅಂಬಾಸಿಡರಿನಲ್ಲಿ ಟಾಪಿಗೆ ಬಂದೊಡನೆ ಸದ್ದು ನಿಂತರೆ ಕೆಳಗಿನ ಶಾಫ್ಟಿನದೆಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಜೀಪಿನಲ್ಲಿ ಟಾಪಿಗೆ ಹಾಕಿದರೂ ಇಂಟರ್‌ಮೀಡಿಯೆಟ್ ಗೇರ್ ಭಾರ ಹೊರುತ್ತಲೇ ಇರುತ್ತದೆ, ಆದ್ದರಿಂದ ಟಾಪಿನಲ್ಲೂ ನಿಲ್ಲದ ಸದ್ದಿಗೆ ಮೊದಲು ಟ್ರಾನ್ಸ್‌ಫರ್ ಕೇಸನ್ನೇ ಅನುಮಾನಿಸಿ.

ಆಮೇಲೆ ಏರು ಇಳಿವು. ಇದಕ್ಕೆ ಕೊಡಗಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ಹಲ್ಲಿನ ಒಂದು ಮುಖದ ಮೇಲೆ ಒತ್ತಡ, ಅದೇ ರಸ್ತೆ ಇಳಿಯುವಾಗ ಇನ್ನೊಂದು ಮುಖದ ಮೇಲೆ. ಆಕ್ಸಿಲರೇಟರ್ ಒತ್ತಿದಾಗ ಊಳಿಟ್ಟು, ಬಿಟ್ಟಾಗ ಸುಮ್ಮನಾದರೆ, ಅಥವಾ ಬಿಟ್ಟಾಗ ಮಾತ್ರ ಊಳಿಟ್ಟರೆ, ಮತ್ತು ಎಲ್ಲ ಗೇರಿನಲ್ಲೂ ಅದೇ ರಸ್ತೆ ವೇಗಕ್ಕೆ ಬಂದರೆ ಹೌಸಿಂಗಿನ ಕ್ರೌನ್-ಪಿನಿಯನ್. ಗೇರ್ ಬದಲಿಸಿದಾಗ ಸ್ವರ ಬದಲಾದರೆ ಬಾಕ್ಸ್. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಎಷ್ಟೋ ಬಾಕ್ಸುಗಳು ಸುಮ್ಮನೆ ನೆಲಕ್ಕಿಳಿಯುವುದು ತಪ್ಪುತ್ತದೆ.

ಎರಡನೇ ಗೇರಿನಲ್ಲಿ ಇಳಿಯುವಾಗ ಲಿವರ್ ನಡುಗಿ ಟಪ್ಪನೆ ನ್ಯೂಟ್ರಲ್ಲಿಗೆ ಹಾರಿದರೆ ಅದನ್ನು ಸಣ್ಣದೆಂದು ಬಿಡಬೇಡಿ. ಮೇನ್ ಶಾಫ್ಟ್ ಹಿಂದಕ್ಕೂ ಮುಂದಕ್ಕೂ ಆಡುತ್ತಿದೆ, ಅಥವಾ ಗೇರ್ ಕಚ್ಚುವ ಸಣ್ಣ ಹಲ್ಲುಗಳ ತುದಿ ಸವೆದಿದೆ, ಅಥವಾ ಶಿಫ್ಟ್ ರೈಲನ್ನು ಹಿಡಿಯುವ ಸ್ಪ್ರಿಂಗ್ ಗುಂಡು ಸೋತಿದೆ. ಕೊನೆಯದಾದರೆ ಮೇಲಿನ ಕವರ್ ಬಿಚ್ಚಿದರೆ ಸಾಕು, ಹಾಗಾಗಿ ಅದನ್ನೇ ಮೊದಲು ನೋಡಿ. ಲಿವರಿಗೆ ಹಗ್ಗ ಕಟ್ಟಿಕೊಂಡು ಘಾಟಿ ಇಳಿಯುವುದು ಜೀವದ ಜೊತೆ ಆಟ.

ತಿರುವುಗಳಲ್ಲಿ ಚಕ್ರದ ಬೇರಿಂಗ್ ತಾನೇ ಒಪ್ಪಿಕೊಳ್ಳುತ್ತದೆ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಬೀಳುತ್ತದೆ; ಆಗ ಗೊರಗೊರ ಹೆಚ್ಚಿದರೆ ಬಲಗಡೆಯದು. ರಸ್ತೆಯ ಮೈ ಬದಲಾದಾಗ ಬದಲಾಗುವ ಸದ್ದು ಟೈರಿನದು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲಷ್ಟೇ ಬರುವ ಟಕಟಕ ಮುಂದಿನ ಆಕ್ಸಲ್ ಜಾಯಿಂಟಿನದು. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಸಾಧನ) ಇಲ್ಲದ ಜೀಪಿನಲ್ಲಿ ಟೂ ವೀಲ್‌ನಲ್ಲಿ ಓಡುವಾಗಲೂ ಮುಂದಿನ ಹೌಸಿಂಗ್, ಪ್ರೊಪೆಲ್ಲರ್ ಎರಡೂ ತಿರುಗುತ್ತಲೇ ಇರುತ್ತವೆ, ಅದನ್ನು ಮರೆಯಬೇಡಿ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುವಿನಲ್ಲಿ ಬಿಗಿದು ಕಿರುಗುಟ್ಟಿದರೆ ಅದು ದೋಷವಲ್ಲ, ಫೋರ್ ವೀಲ್ ತೆಗೆಯಿರಿ.

ಹ್ಯಾಂಡ್‌ಬ್ರೇಕ್ ವಿಷಯ. ಓಡುವಾಗ ಹಿಂದಿನಿಂದ ಗಲಗಲ ಬರುತ್ತಿದ್ದರೆ ನಿಧಾನ ವೇಗದಲ್ಲಿ ಲಿವರನ್ನು ಒಂದೇ ಒಂದು ಕಚ್ಚು ಎಳೆದು ನೋಡಿ. ನಿಂತರೆ ಡ್ರಮ್ಮಿನೊಳಗಿನ ಶೂ ಸಡಿಲ. ಸ್ಪ್ರಿಂಗ್ ಬದಲಿಸಿದರೆ ಮುಗಿಯಿತು.

ಸೀಮೆಸುಣ್ಣದ ಲೆಕ್ಕ

ತಿರುಗಿದಂತೆ ಟಕ್, ಟಕ್ ಎಂದು ಬಿಟ್ಟು ಬಿಟ್ಟು ಬರುವ ಸದ್ದಿಗೆ ಎಣಿಕೆಯೇ ಮದ್ದು. ಹಿಂದಿನ ಟೈರಿನ ಮೇಲೂ ಅದರ ನೇರಕ್ಕೆ ನೆಲದ ಮೇಲೂ ಸೀಮೆಸುಣ್ಣದ ಗೆರೆ ಎಳೆಯಿರಿ. ಗೇರ್ ನ್ಯೂಟ್ರಲ್ ಇಟ್ಟು ಸಮತಟ್ಟಿನಲ್ಲಿ ಇಬ್ಬರು ಮೂವರು ಸೇರಿ ಗಾಡಿಯನ್ನು ನಿಧಾನವಾಗಿ ತಳ್ಳಿ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಟಕ್ ಎಂದು ಎಣಿಸಿ. ಸಿಜೆ-3ಬಿಯ ಮೂಲ ಹೌಸಿಂಗಿನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಅಂದರೆ ಚಕ್ರ ಒಂದು ಸುತ್ತು ಬಂದಾಗ ಪ್ರೊಪೆಲ್ಲರ್ ಐದೂಕಾಲು ಸುತ್ತಿಗಿಂತ ತುಸು ಹೆಚ್ಚು ಬರುತ್ತದೆ. ಸುತ್ತಿಗೊಂದೇ ಟಕ್ ಎಂದರೆ ಚಕ್ರ, ಹಬ್, ಡ್ರಮ್ ಅಥವಾ ಕ್ರೌನಿನ ಒಂದು ಹಲ್ಲು. ಐದಾರು ಬಂದರೆ ಪಿನಿಯನ್, ಪ್ರೊಪೆಲ್ಲರ್ ಅಥವಾ ಕ್ರಾಸ್. ಹೌಸಿಂಗ್ ಬದಲಿಸಿದ ಗಾಡಿಯಾದರೆ ಮೊದಲು ಪ್ರೊಪೆಲ್ಲರಿಗೂ ಗೆರೆ ಎಳೆದು ಅನುಪಾತ ನೀವೇ ಎಣಿಸಿಕೊಳ್ಳಿ.

ಕ್ರಾಸ್ ನೋಡುವುದು ಇನ್ನೂ ಸುಲಭ. ಚಕ್ರಕ್ಕೆ ತುಂಡು ಕೊಟ್ಟು, ಪ್ರೊಪೆಲ್ಲರನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಚಿ. ಹೌಸಿಂಗಿನೊಳಗೆ ಸ್ವಲ್ಪ ಆಟ ಇದ್ದೇ ಇರುತ್ತದೆ. ಆದರೆ ಕ್ರಾಸಿನ ಕಪ್ಪಿಗೂ ಅದನ್ನು ಹಿಡಿದ ಯೋಕಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಅಲುಗಾಟ, ಅಂಚಿನಲ್ಲಿ ಕೆಂಪು ತುಕ್ಕಿನ ಹುಡಿ ಕಂಡರೆ ಬೇರೆ ಸಾಕ್ಷಿ ಬೇಡ. ಮುಂದಕ್ಕೂ ರಿವರ್ಸಿಗೂ ಬದಲಿಸುವಾಗ ಬರುವ ಆ ಟಣ್ ಎಂಬ ಬಡಿತ ಬಹಳ ಸಲ ಇದರದೇ.

ಬಾಕ್ಸ್ ಇಳಿಸಲೇಬೇಕಾದಾಗ

ಇಷ್ಟಾದರೂ ಬೆರಳು ಬಾಕ್ಸಿನ ಕಡೆಗೇ ತೋರಿದರೆ, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಗೇರು, ಯಾವ ವೇಗ, ಏರಿನಲ್ಲೋ ಇಳಿವಿನಲ್ಲೋ, ಕ್ಲಚ್ ಒತ್ತಿದರೆ ಏನಾಯಿತು, ತಟ್ಟೆಯಲ್ಲಿ ಏನು ಸಿಕ್ಕಿತು. ಆ ಹಾಳೆಯನ್ನು ಮೆಕ್ಯಾನಿಕ್ ಕೈಗೆ ಕೊಡಿ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಜೀಪಿನ ಮೇಲೇ ಕೈ ಪಳಗಿದ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅವರ ಕಿವಿಗೆ ನಿಮ್ಮ ಟಿಪ್ಪಣಿ ಜೊತೆಯಾದರೆ ಕೆಲಸ ಅರ್ಧಕ್ಕರ್ಧ ಹಗುರ. ಬಿಚ್ಚುವಾಗ ನೀವೂ ಅಲ್ಲೇ ಇರಿ. ಹಳೇ ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು, ಒಣಗಿಸಿ, ಬೆರಳಿಂದ ನಿಧಾನವಾಗಿ ತಿರುಗಿಸಿ ನೋಡಿ. ಏರ್ ಹೊಡೆದು ಗಿರ್ರನೆ ತಿರುಗಿಸಬಾರದು, ಅದರಿಂದ ಚೆನ್ನಾಗಿದ್ದ ಬೇರಿಂಗೂ ಹಾಳಾಗುತ್ತದೆ. ಬೆಳಕಿಗೆ ಹಿಡಿದಾಗ ಗುಂಡುಗಳು ಓಡುವ ದಾರಿ ಕನ್ನಡಿಯಂತಿರಬೇಕು. ಉಗುರಿಗೆ ತಾಗುವ ಗುಳಿ ಒಂದಿದ್ದರೂ ಬದಲಿಸಿ. ಅದರ ಮೈಮೇಲಿನ ನಂಬರ್ ಬರೆದುಕೊಳ್ಳಿ, ಹಳೇ ಬೇರಿಂಗ್ ಜೊತೆಗೇ ಒಯ್ದು ಅಂಗಡಿಯಲ್ಲಿ ಹೊಂದಿಸಿ ನೋಡಿ.

ಕೌಂಟರ್ ಶಾಫ್ಟಿನ ರೋಲರ್‌ಗಳು ಬಿಡಿಬಿಡಿ. ಹೊರಬಂದಷ್ಟನ್ನೂ ಎಣಿಸಿ, ಒಳಗೆ ಹೋಗುವಾಗಲೂ ಎಣಿಸಿ. ಗ್ರೀಸಿನಲ್ಲಿ ಅಂಟಿಸಿ ಕೂರಿಸಬೇಕು, ಒಂದು ಜಾರಿ ಬಾಕ್ಸಿನ ತಳ ಸೇರಿದರೆ ಹಲ್ಲುಗಳಿಗೆ ಸಿಕ್ಕಿಬಿಡುತ್ತದೆ. ರೋಲರ್ ಬದಲಿಸಿ ಶಾಫ್ಟ್ ಹಳೆಯದೇ ಬಿಡುವ ಮಿತವ್ಯಯ ಬೇಡ, ಅವೆರಡೂ ಒಟ್ಟಿಗೇ ಸವೆದಿರುತ್ತವೆ. ಬಾಕ್ಸ್ ಕೆಳಗಿರುವಾಗಲೇ ರಿಲೀಸ್ ಬೇರಿಂಗ್, ಪೈಲಟ್ ಬುಶ್, ಎಲ್ಲ ಸೀಲುಗಳು, ಬಾಕ್ಸಿನ ಕೆಳಗಿನ ರಬ್ಬರ್ ಮೌಂಟಿಂಗ್ ಹೊಸದಾಗಲಿ. ಇವಕ್ಕಾಗಿ ಇನ್ನೊಮ್ಮೆ ಇಳಿಸುವುದು ಯಾರಿಗೂ ಬೇಡ. ಏರಿಸಿದ ಮೇಲೆ 500 ಕಿಲೋಮೀಟರ್ ಓಡಿಸಿ ಎಣ್ಣೆಯನ್ನು ಮತ್ತೆ ಅದೇ ತಟ್ಟೆಗೆ ಇಳಿಸಿ, ಅಯಸ್ಕಾಂತ ಆಡಿಸಿ ನೋಡಿ, ಹೊಸ ಎಣ್ಣೆ ತುಂಬಿ.